ಚುಕ್ಕಿಗಳಿಗಾಗಿ ಒಂದು ಚಳವಳಿ

ನಮ್ಮ ಕಡೆ ಒಬ್ಬರು ಮೊಬೈಲ್ ತೆಗೆದರೆ ನಾಲ್ಕು ಜನ ಬಗ್ಗಿ ನೋಡುತ್ತಾರೆ. ನೋಡದೆ ಸುಮ್ಮನೆ ಕೂತವನನ್ನೇ ಸೊಕ್ಕಿನವ ಅನ್ನುತ್ತಾರೆ. ಹಾಗಾಗಿ ಇಂಥ ಪ್ರಸಂಗಗಳಿಗೆ ನನಗೆ ಬರವಿಲ್ಲ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಕಾಯ್ದೆ, ಮೊಬೈಲು ಎಲ್ಲ ನಾನೇ ಕಲಿತದ್ದು. ನೀರಿಗೆ, ರಸ್ತೆಗೆ ಧರಣಿ ಕೂತಿದ್ದೇನೆ. ಆದರೆ ಒಂದು ಪಾಸ್‌ವರ್ಡ್ ಮುಚ್ಚಿಡಲು ಪಟ್ಟ ಪಾಡು ಯಾವ ಧರಣಿಯಲ್ಲೂ ಪಟ್ಟಿಲ್ಲ.

ಆದದ್ದು ಇಷ್ಟು. ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ನಮ್ಮ ಕನ್ನಡದ ಊರಿಂದ ಉಮರ್ಗಾ ಪೇಟೆಗೆ ಹೋಗುವ ಬೆಳಗಿನ ಬಸ್ಸು ನಿಲ್ಲಿಸಿದರು. ಕಾಲೇಜಿನ ಹುಡುಗಿಯರು ಕಪ್ಪು-ಹಳದಿ ಬಣ್ಣದ ಕಾಳಿ-ಪಿವಳಿ ಬಾಡಿಗೆ ಜೀಪಿಗೆ ಜೋತುಬಿದ್ದು ಹೋಗಬೇಕಾಯಿತು. ಎರಡು ಮನೆಗಳಲ್ಲಿ ಕಾಲೇಜೇ ಬಿಡಿಸಿದರು. ನಾನು ಸರಕಾರದ ಜಾಲತಾಣದಲ್ಲಿ ತಕರಾರು ಅರ್ಜಿ ಹಾಕಿದೆ. ಉತ್ತರ ಬಂತು: ಅರ್ಜಿದಾರರು ತಾವಾಗಿಯೇ ಅರ್ಜಿ ಹಿಂದಕ್ಕೆ ಪಡೆದಿದ್ದಾರೆ. ನಾನು ಪಡೆದಿರಲಿಲ್ಲ. ಯಾರೋ ನನ್ನ ಪಾಸ್‌ವರ್ಡ್ ಹಾಕಿ ಒಳಹೊಕ್ಕಿದ್ದರು.

ಗೋಡೆ

ನಮ್ಮದು ಭೂಕಂಪದ ನಂತರ ಹೊಸದಾಗಿ ಕಟ್ಟಿದ ಊರು. ಸಾಲಾಗಿ ಒಂದೇ ನಮೂನೆಯ ಮನೆಗಳು. ಗುರುತಿಗೆಂದು ಪ್ರತಿ ಬಾಗಿಲ ಮೇಲೆ ದೊಡ್ಡ ನಂಬರು. ಊರಿನ ಹೆಂಗಸರನ್ನು ನನ್ನ ಮನೆಯ ಕಟ್ಟೆಗೆ ಕರೆದು, "ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ್ರಿ" ಅಂತ ಗದರಿದೆ.

ಮುಂದೆ ಕೂತ ಮುದುಕಿ, "ನಾ ಯಾರಿಗೂ ಹೇಳಿಲ್ಲವ್ವಾ. ಹೇಳೂದು ಯಾಕ ಬೇಕು, ಬಾಗಲ ಮ್ಯಾಲ ಬರದದಲ್ಲ" ಅಂದಳು.

ವಿಚಾರಿಸಿದರೆ ಎಲ್ಲರದ್ದೂ ಮನೆ ನಂಬರೇ. ಸಿಟ್ಟು ನೆತ್ತಿಗೇರಿ ಅರ್ಧ ಗಂಟೆ ಬೈದೆ. ಒಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ತಲೆಯ ಮೇಲಕ್ಕೆ.

"ನಿಂದೂ ಅದನ ಏನ?" ಅಂದಳು ಮುದುಕಿ.

ತಿರುಗಿ ನೋಡಿದೆ. ನನ್ನ ಬಾಗಿಲ ನಂಬರನ್ನು ದೀಪಾವಳಿಗೆ ನಾನೇ ಕೆಂಪು ಬಣ್ಣದಲ್ಲಿ ಹೊಸದಾಗಿ ಬರೆಸಿದ್ದೆ.

ಕಣ್ಣು

ನಿಲಂಗಾದಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿಯೊಬ್ಬಳು ನನ್ನ ಮೊಬೈಲಿಗೆ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಟ್ಟಳು. ಅದು ಪಾಸ್‌ವರ್ಡುಗಳ ತಿಜೋರಿ. ಅದನ್ನು ತೆಗೆಯುವ ದೊಡ್ಡ ಪಾಸ್‌ವರ್ಡ್ ಒಂದು ನೆನಪಿದ್ದರೆ ಸಾಕು. ಒಳಗಿನವೆಲ್ಲ ಬರೀ ಚುಕ್ಕಿಗಳಾಗಿ ಕಾಣುತ್ತವೆ. ಕಣ್ಣಿನ ಗುರುತು ಒತ್ತಿದರೆ ಮಾತ್ರ ಅಕ್ಷರ.

"ಮಂದ್ಯಾಗ ಕಣ್ಣು ಒತ್ತಬ್ಯಾಡ್ರಿ ಅಕ್ಕಾ. ಚುಕ್ಕಿ ಇದ್ದಂಗನ ಕಾಪಿ ಮಾಡಿ ಹಾಕ್ರಿ" ಅಂದಳು.

ಮನೆ ನಂಬರು ತೆಗೆದು ಹೊಸ ಪಾಸ್‌ವರ್ಡ್ ಇಟ್ಟು, ಅರ್ಜಿ ಮತ್ತೆ ಹಾಕಿದೆ. ಕಾಸಾರಶಿರಸಿಗೆ ಹೋಗುವ ಬೇರೊಂದು ಬಸ್ಸಿನಲ್ಲಿ ಅದು ಸೇರಿತೋ ಇಲ್ಲವೋ ನೋಡಲು ತಿಜೋರಿ ತೆಗೆದೆ. ಪಕ್ಕದಲ್ಲಿ ಹಣೆತುಂಬ ವಿಭೂತಿ ಹಚ್ಚಿದ ಕಿರಾಣಿ ಸಾವ್ಕಾರರು. ಬಗ್ಗಿ ನೋಡಿ, "ಅಕ್ಕಾರ, ಆ ಕಣ್ಣು ಒತ್ರಿ, ನಮಗ ಕಾಣವಲ್ದು" ಅಂದರು.

"ನಿಮಗ ಕಾಣಬಾರದಂತನ ಇದು ಇರೂದು."

"ನಾವೇನು ಹೊರಗಿನವರಾ?"

ಸಾವ್ಕಾರರು ಮುನಿಸಿಕೊಂಡು ಕಿಟಕಿಯತ್ತ ಮುಖ ತಿರುಗಿಸಿದರು. ಆಮೇಲೆ ತಮ್ಮ ಮೊಬೈಲ್ ತೆಗೆದು, ತಮ್ಮ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತ ಹಾಕಿದರು. ಕೊನೆಗೆ ನನ್ನತ್ತ ನೋಡಿ, "ನಾವು ಮುಚ್ಚಿಡೋ ಮಂದಿ ಅಲ್ರೀ" ಅಂದರು.

ಸೆರಗು

ಒಳಗಿನದಕ್ಕೆ ಚುಕ್ಕಿಯ ಕಾವಲು ಇತ್ತು. ಆದರೆ ದೊಡ್ಡ ಪಾಸ್‌ವರ್ಡನ್ನು ಕೈಯಿಂದಲೇ ಒತ್ತಬೇಕು, ಬೆರಳು ಎಲ್ಲರಿಗೂ ಕಾಣುತ್ತದೆ. ಉಪಾಯ ಕಂಡುಕೊಂಡೆ. ಉಮರ್ಗಾದ ಚಹಾ ಹೋಟೆಲಿನಲ್ಲಿ ಮೊಬೈಲಿನ ಸಮೇತ ತಲೆಯ ಮೇಲೆ ಸೆರಗು ಎಳೆದುಕೊಂಡೆ.

ಸೆರಗು ತೆಗೆದಾಗ ಹೋಟೆಲಿಗೆ ಹೋಟೆಲೇ ನನ್ನತ್ತ ನೋಡುತ್ತಿತ್ತು. ಮಾಲೀಕ ಎದುರಿಗೆ ನೀರಿಟ್ಟು, "ಅಳಬ್ಯಾಡ್ರಿ ಅಕ್ಕಾ, ಬಸ್ ಬಂದೇ ಬರ್ತದ" ಅಂದ.

ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ನಮ್ಮೂರಿನ ಜೀಪಿನ ಮಾಲೀಕ ಸಮಾಧಾನ ಹೇಳಲು ಬಂದ. ಬಸ್ಸು ನಿಂತಂದಿನಿಂದ ಅವನ ಜೀಪಿನಲ್ಲಿ ಕಾಲಿಡಲು ಜಾಗವಿಲ್ಲ. ಮಾತೆಲ್ಲ ನನ್ನ ಕೂಡ, ಕಣ್ಣೆಲ್ಲ ನನ್ನ ಮೊಬೈಲಿನ ಮೇಲೆ. "ಬಿಡ್ರಿ ಅಕ್ಕಾ, ಬಸ್ಸಿನ ಸಲುವಾಗಿ ಯಾರರ ಅಳ್ತಾರೇನು?" ಅಂದ.

"ನಾ ಅತ್ತಿಲ್ಲೋ ತಮ್ಮಾ. ಇನ್ನ ಮ್ಯಾಲ ಅಳೂ ಪಾಳಿ ಯಾರದೋ ನೋಡೂಣು" ಅಂದೆ.

ಕೊನೆಯ ಬೆಂಚು

ಉಮರ್ಗಾದ ಸರಕಾರಿ ಕಚೇರಿಯಲ್ಲಿ ನನ್ನ ಅರ್ಜಿಯ ವಿಚಾರಣೆ. ಸಾಹೇಬರು ಉದಗೀರ ಕಡೆಯವರು, ಕನ್ನಡ ಬರುತ್ತಿತ್ತು. ನಾನು ಇಪ್ಪತ್ತು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಕೊನೆಯ ಬೆಂಚಿನಲ್ಲಿ ಜೀಪಿನ ಮಾಲೀಕ, ತಲೆ ತಗ್ಗಿಸಿ ಮೊಬೈಲ್ ಒತ್ತುತ್ತ ಕೂತಿದ್ದ.

"ಹಿಂದಿನ ಸಲ ನೀವ ಅರ್ಜಿ ವಾಪಸ್ ತೊಗೊಂಡೀರಿ. ಈ ಸಲದ್ದರ ಇನ್ನೂ ಅದನೋ ಇಲ್ಲೋ, ತೋರಿಸ್ರಿ" ಅಂದರು ಸಾಹೇಬರು.

ಸೆರಗು ಎಳೆದುಕೊಂಡೆ, ತೆಗೆದೆ, ತೋರಿಸಿದೆ. ಅರ್ಜಿ ಜೀವಂತ ಇತ್ತು. ಅಷ್ಟರಲ್ಲಿ ಮೊಬೈಲ್ ಗುಂಯ್ ಅಂದಿತು: ನಿಮ್ಮ ಖಾತೆಗೆ ಯಾರೋ ತಪ್ಪು ಪಾಸ್‌ವರ್ಡ್ ಹಾಕಿದ್ದಾರೆ. ಮತ್ತೆ ಗುಂಯ್. ಮತ್ತೊಮ್ಮೆ ಗುಂಯ್. ಮೂರನೆಯದನ್ನು ಎದ್ದು ನಿಂತು ಗಟ್ಟಿಯಾಗಿ ಓದಿದೆ. "ಸಾಹೇಬರ, ನಾ ನಿಮ್ಮ ಮುಂದ ನಿಂತೀನಿ. ಇದ್ಯಾರು ಒತ್ಲಿಕತ್ಯಾರ?"

ಕೊನೆಯ ಬೆಂಚಿನಿಂದ ಬೇಸರದ ದನಿ ಬಂತು:

"ಏನಕ್ಕಾ, ಪಾಸ್‌ವರ್ಡ್ ಬದಲ್ ಮಾಡಿದ್ರ ಒಂದ ಮಾತು ಹೇಳಬಾರ್ದಾ?"

ಸಾಹೇಬರು ಪೆನ್ನು ಕೆಳಗಿಟ್ಟರು. "ಹಳೇದು ನಿಮಗ ಹ್ಯಾಂಗ ಗೊತ್ತು?"

"ಆಕಿ ಬಾಗಲ ಮ್ಯಾಲ ಬರದದಲ್ರೀ" ಅಂದ. ಅಂದ ಮೇಲೆ ಅವನಿಗೆ ತಿಳಿಯಿತು. ಹುಡುಗಿಯರ ನಗೆಗೆ ಹೊರಗಿದ್ದ ಸಿಪಾಯಿ ಒಳಗೆ ಓಡಿಬಂದ.

ಬಸ್ಸಿನ ಆದೇಶ ಅಲ್ಲೇ ಆಯಿತು. ಜೀಪಿನವನ ಜಬಾನಿ, ಅಂದರೆ ಹೇಳಿಕೆ, ಬರೆಸಿಕೊಂಡು ಸಹಿ ಮಾಡಿಸಿದರು. ಕಾಲೇಜು ಬಿಡಿಸಿದ್ದ ಇಬ್ಬರು ಹುಡುಗಿಯರನ್ನೂ ಸೋಮವಾರ ನಾನೇ ಬಸ್ಸು ಹತ್ತಿಸಿದೆ.

ಅಂದು ಆದೇಶದ ಪ್ರತಿ ಕೊಡುವಾಗ ಸಾಹೇಬರು ಮುಂದೆ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದರು: "ಅಕ್ಕಾರ, ಹಂಗ ಸುಮ್ಮ ಕೇಳ್ತೀನಿ. ಈಗ ಏನಿಟ್ಟೀರಿ?"

ನಾನು ಸೆರಗು ಎಳೆದುಕೊಂಡೆ.