ಮಾವ ಟವೆಲ್ ಹಾಕಿದ ಸೀಟು

ಬಿಳಿಕೆರೆಯಲ್ಲಿ ನನ್ನ ಸೋದರಮಾವನಷ್ಟು ಗುರಿಯಿಟ್ಟು ಟವೆಲ್ ಎಸೆಯುವವರು ಇನ್ನೊಬ್ಬರಿಲ್ಲ. ಬಸ್ಸು ಇನ್ನೂ ನಿಂತೇ ಇರುವುದಿಲ್ಲ, ಅವರ ಹೆಗಲ ಮೇಲಿನ ಟವೆಲ್ ಕಿಟಕಿಯೊಳಗೆ ಹೋಗಿ ಸೀಟು ಹಿಡಿದಿರುತ್ತದೆ. ಅದರಲ್ಲೇನು ವಿಶೇಷ ಅಂತೀರಾ? ಬ್ಯಾಂಕಿನ ಬೆಂಚು, ಕಟಿಂಗ್ ಶಾಪು, ಮದುವೆಯ ಪಂಕ್ತಿ, ಎಲ್ಲಿ ಕೂತರೂ ಪಕ್ಕದ ಜಾಗಕ್ಕೆ ಅವರು ಟವೆಲ್ ಹಾಕುತ್ತಾರೆ. ಯಾರಿಗೆ ಎಂದು ಕೇಳಿದರೆ, "ಬತ್ತಾರೆ ಇರ್ಲಾ" ಎನ್ನುತ್ತಾರೆ. ಯಾರೂ ಬಂದದ್ದನ್ನು ನಾನು ನೋಡಿಲ್ಲ. ಒಮ್ಮೆ ಬಡಿಸುವವನು ಟವೆಲ್ಲಿನ ಮುಂದಿನ ಎಲೆಗೂ ಪಾಯಸ ಹಾಕಿ ಹೋದ. ಮಾವ ಎರಡನ್ನೂ ಉಂಡರು.

ಅವರನ್ನು ಹುಣಸೂರಿನ ಟಾಕೀಸಿಗೆ ಕರೆದುಕೊಂಡು ಹೋದದ್ದು ನನ್ನ ತಪ್ಪು. ಆ ಸಿನಿಮಾದಲ್ಲಿ ಹೊಡೆದಾಟವಿಲ್ಲ, ಹಾಡೂ ಇಲ್ಲ. ಹಿಂದೆ ಪ್ರೀತಿಸಿ ಬೇರೆಯಾದ ಇಬ್ಬರು ಬಹಳ ವರ್ಷದ ಮೇಲೆ ಸಿಕ್ಕಿ ಎರಡು ಗಂಟೆ ಮಾತಾಡುತ್ತಾರೆ, ಅಷ್ಟೆ. ನನಗೆ ಹಿಡಿಸಿತು. ಅವಳು ಖಾಲಿ ಲೋಟವನ್ನು ತಿರುಗಿಸುತ್ತ ಕೂರುವುದು, ಅವನು ಮಕ್ಕಳ ಓದಿನ ವಿಷಯ ಕೇಳಿ ಕೇಳಿ ಬೇರೆ ಏನನ್ನೋ ಮುಂದೂಡುವುದು. ಮಾವ ಚಡಪಡಿಸಿದರು.

"ಏನ್ಲಾ ಇವ್ರು, ಪಂಚಾಯ್ತಿ ಮೀಟಿಂಗ್ ಥರ ಮಾತಾಡ್ತಾನೇ ಅವ್ರಲ್ಲ."

ಹಿಂದಿನವರೊಬ್ಬರು ಬಗ್ಗಿ, "ಯಜಮಾನ್ರೇ, ಟವೆಲ್ ತೆಗೀರಿ, ನಮ್ಮುಡುಗಿ ಕೂತ್ಕತಾಳೆ" ಎಂದರು.

"ಬತ್ತಾರೆ ಕಣ್ರೀ."

ಕೊನೆಗೂ ತೆರೆಯ ಮೇಲಿನವನು ಕೇಳಿದ: ಅವತ್ತು ನೀನು ಯಾಕೆ ಬರಲಿಲ್ಲ? ಉತ್ತರ ಬರುವ ಮೊದಲೇ ಮಾವ ಟವೆಲ್ ಎತ್ತಿಕೊಂಡು ಹೊರಗೆ ನಡೆದರು. ನಾನೂ ಹಿಂದೆ ಓಡಿದೆ.

ಮನೆಯಲ್ಲಿ ಅಮ್ಮ ಮೆಲ್ಲಗೆ ಹೇಳಿದಳು. ಮೂವತ್ತು ವರ್ಷದ ಹಿಂದೆ ಮಾವ ಪಕ್ಕದೂರಿನ ಒಬ್ಬಳನ್ನು ಮದುವೆಯಾಗಲು ಮೈಸೂರಿಗೆ ಹೊರಟು, ಬಸ್ಸಿನಲ್ಲಿ ಅವಳ ಸೀಟಿಗೆ ಟವೆಲ್ ಹಾಕಿ ಕಾದಿದ್ದರಂತೆ. ಅವಳು ಬರಲಿಲ್ಲ. ಆಮೇಲೆ ಪಿರಿಯಾಪಟ್ಟಣದ ಕಡೆಗೆ ಮದುವೆಯಾಗಿ ಹೋದಳು. ಮಾವ ಮದುವೆಯೇ ಆಗಲಿಲ್ಲ.

"ಈಗ ಅವಳ್ಗೆ ವಾಸಿಯಾಗದ ಕಾಯಿಲೆಯಂತೆ ಕಣೋ. ತವರಿಗೆ ಬಂದವ್ಳೆ. ಯಾಕೆ ಬರ್ಲಿಲ್ಲ ಅಂತ ಇವ್ನು ಒಂದ್ಸಲ ಕೇಳ್ಬುಟ್ಟಿದ್ರೆ ಎದೆ ಹಗುರ ಆಗೋದು."

ಮುಂದಿನ ಸೋಮವಾರ ಬೆಳಿಗ್ಗೆ ಕಂಡದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಾನೂ ಮಾವನೂ ಬಿಳಿಕೆರೆ ಸ್ಟಾಪಿನಲ್ಲಿದ್ದೆವು. ಅಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ಆಸ್ಪತ್ರೆಯ ಫೈಲು ಹಿಡಿದು, ತಮ್ಮನ ತೋಳಿಗೆ ಒರಗಿ ನಿಂತಿದ್ದರು. ಮಾವ ನೋಡಿದರು. ಅವರೂ ನೋಡಿದರು. ಮೈಸೂರು ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿ ಬಂತು. ಕಿಟಕಿ ಪಕ್ಕದವನೊಬ್ಬ ಇಳಿಯಲು ಎದ್ದ. ಅವನು ಪೂರ್ತಿ ಏಳುವ ಮೊದಲೇ ಮಾವನ ಟವೆಲ್ ಅಲ್ಲಿಗೆ ಹೋಗಿ ಬಿತ್ತು.

"ಹತ್ಸಪ್ಪಾ, ಸೀಟ್ ಅದೆ" ಎಂದು ತಮ್ಮನಿಗೆ ಹೇಳಿದರು.

ಆಕೆ ಟವೆಲ್ಲಿನ ಮೇಲೇ ಕೂತರು. ಕಿಟಕಿಯಿಂದ ಬಗ್ಗಿ, "ಅವತ್ತು ನಾನು..." ಎಂದರು.

"ಇರ್ಲಿ ಬುಡು. ಗಾಜು ಹಾಕ್ಕೋ, ಗಾಳಿ ಹೊಡೀತದೆ."

ಬಸ್ಸು ಹೊರಟಿತು. ಮುಖ ಒರೆಸಿಕೊಳ್ಳಲು ಮಾವನ ಕೈ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ನನ್ನ ಕಡೆ ತಿರುಗಿ ಕೇಳಿದರು: "ಆ ಸಿನ್ಮಾ ಇನ್ನೂ ಓಡ್ತಾ ಅದೇನ್ಲಾ? ಆವಮ್ಮ ಏನಂದ್ಲು ಅಂತ ನೋಡ್ಬೇಕು."

ಅಂದೇ ಮ್ಯಾಟ್ನಿಗೆ ಹೋದೆವು. ಯಾರೋ ಬಂದು, ಪಕ್ಕದ ಸೀಟಿಗೆ ಯಾರಾದರೂ ಬರುತ್ತಾರಾ ಎಂದು ಕೇಳಿದರು. ಮಾವ ಮೊಣಕೈ ಸರಿಸಿ ಜಾಗ ಬಿಟ್ಟರು.