ಹೆಂಡತಿ ಪಾಲಿನ ಸೂಜಿ

ವಕೀಲರ ಗುಮಾಸ್ತನಾದವನು ನಗು ಬಂದಾಗ ಕೆಮ್ಮುವುದನ್ನು ಮೊದಲು ಕಲಿಯಬೇಕು. ಎಪ್ಪತ್ತರ ದಶಕದಲ್ಲಿ, ಚನ್ನಗಿರಿಯಲ್ಲಿ, ನಾನು ಕೆಮ್ಮಿದ್ದಕ್ಕೆ ಲೆಕ್ಕವಿಲ್ಲ. ಅದರಲ್ಲೂ ಈ ಒಂದು ಕೇಸು ಇವತ್ತಿಗೂ ನನಗೆ ಪೂರ್ತಿ ಅರ್ಥವಾಗಿಲ್ಲ.

೧. ಅರ್ಧ ಗೋಡೆ

ಕತ್ತಲಗೆರೆ ಕಡೆಯ ಸುಣ್ಣ ಬಳಿಯುವವನೊಬ್ಬ ಬಂದ. ಸಂತೇಬೆನ್ನೂರು ಸಂತೆಯಲ್ಲಿ ಕಾಲರಾ ಸೂಜಿ ಹಾಕಿಸಿಕೊಂಡ ಮೇಲೆ ಬಲಗೈ ಮೇಲೇಳುತ್ತಿಲ್ಲ, ಸರ್ಕಾರದಿಂದ ಪರಿಹಾರ ಬೇಕು ಅಂದ. ಕೈ ಏಳದಿದ್ದರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಪಾಪ ಅನ್ನಿಸಿತು.

"ಸಾಕ್ಷಿ ಏನೈತಯ್ಯಾ?" ಎಂದರು ನಮ್ಮ ವಕೀಲರು.

ಮರುದಿನ ನಾವು ಬರುವಷ್ಟರಲ್ಲಿ ಆಫೀಸಿನ ಗೋಡೆಗೆ ಎದೆಯೆತ್ತರದವರೆಗೆ ಮಾತ್ರ ಬೆಳ್ಳಗೆ ಸುಣ್ಣ ಬಿದ್ದಿತ್ತು.

"ಇದಕ್ಕಿಂತ ಮೇಲೆ ಕೈ ಎತ್ತಾಕೆ ಆಗಲ್ಲ ಸಾಹೇಬ್ರೆ. ಜಡ್ಜ್ ಸಾಹೇಬ್ರನ್ನ ಇಲ್ಲಿಗೇ ಕರಕೊಂಡು ಬರ್ರಿ" ಅಂದ.

೨. ಯಾರ ಭುಜ, ಯಾರ ಸೂಜಿ

ವಿಚಾರಿಸಿದರೆ ಎಡಗೈಗೂ ಒಂದು ಸೂಜಿ ಬಿದ್ದಿತ್ತು. "ಎರಡು ಯಾಕಯ್ಯಾ?"

"ಎಡಗಡೇದು ನಂದು, ಅದಕ್ಕೇನೂ ಆಗಿಲ್ಲ. ಬಲಗಡೇದು ನನ್ನ ಹೆಂಡ್ತಿ ಪಾಲಿಂದು."

ಸಂತೆಗೆ ಹೋಗುವ ದಾರಿಯಲ್ಲೇ ನಿಂತಿದ್ದ ಆರೋಗ್ಯ ಇಲಾಖೆಯ ಸೂಜಿಯವರು, ಇಬ್ಬರಿಗೂ ಹಾಕದೆ ಒಳಗೆ ಬಿಡುವುದಿಲ್ಲ ಅಂದರಂತೆ. ಅಷ್ಟು ಜನರೆದುರು ಕುಪ್ಪಸದ ತೋಳು ಮೇಲೇರಿಸಲು ಹೆಂಡತಿಗೆ ನಾಚಿಕೆ. "ಅವಳದ್ದೂ ನಂಗೇ ಹಾಕ್ರಿ" ಅಂತ ಇವನು ಇನ್ನೊಂದು ತೋಳು ಕೊಟ್ಟ. ಅವರಿಗೂ ಲೆಕ್ಕ ಸರಿಹೋಯಿತು, ಹಾಕಿಬಿಟ್ಟರು.

ವಕೀಲರು ತಲೆ ಕೆರೆದುಕೊಂಡರು. ಭುಜ ಗಂಡನದು, ಸೂಜಿ ಹೆಂಡತಿಯದು. ದಾವೆ ಹೂಡಬೇಕಾದವರು ಯಾರು? ಎಷ್ಟು ಪುಸ್ತಕ ತಿರುವಿದರೂ ಸಿಗಲಿಲ್ಲ. ಕೊನೆಗೆ ಇಬ್ಬರ ಹೆಸರಲ್ಲೂ ಹೂಡಿ, "ಯಾರದಾದರೂ ಒಬ್ಬರದು ಸರಿಯಿರುತ್ತೆ ಬಿಡು" ಅಂದರು ನನಗೆ.

೩. ಕೈ ಎತ್ತಿ ತೋರಿಸಿದ್ದು

ಕೋರ್ಟಿನಲ್ಲಿ ಸರ್ಕಾರದ ವಕೀಲರು "ಇದೆಲ್ಲ ಬರೀ ನಾಟಕ" ಅಂತ ವಾದಿಸಿದರು. ನಮ್ಮವನ ಮುಖ ಬಾಡಿತು. ಜಡ್ಜರು ಹೆಂಡತಿಯನ್ನು ಕಟಕಟೆಗೆ ಕರೆದು, "ನಿಮಗೆ ಎಲ್ಲಿ ನೋವಮ್ಮಾ?" ಎಂದರು.

"ಬಲಗಡೆ ಭುಜ, ಸ್ವಾಮಿ."

"ಕೈ ಎತ್ತಿ ತೋರಿಸಿ."

ಆಕೆ ಕಟಕಟೆ ಇಳಿದು ನೆಟ್ಟಗೆ ಗಂಡನ ಹತ್ತಿರ ಹೋಗಿ, ಅವನ ಬಲಗೈ ಹಿಡಿದು ಮೇಲಕ್ಕೆ ಎತ್ತೇಬಿಟ್ಟಳು. ಅವನು ಕಿರುಚಿದ್ದಕ್ಕೆ ಹೊರಗಿದ್ದ ಪೇದೆ ಓಡಿ ಬಂದ.

"ನೋಡ್ರಿ ಸ್ವಾಮಿ, ಹಿಂಗೆ ನೋಯ್ತೈತೆ" ಅಂದಳು.

ನಾಟಕ ಅಂದವರು ಸುಮ್ಮನೆ ರಾಜಿಗೆ ಬಂದರು. ಪರಿಹಾರ ಯಾರ ಕೈಗೆ ಕೊಡಬೇಕು ಅಂತ ಜಡ್ಜರು ಕೇಳಿದಾಗ, "ಅವಳಿಗೇ ಕೊಡ್ರಿ, ಸೂಜಿ ಅವಳ್ದು" ಅಂದ ಗಂಡ.

ಆಕೆಯ ಕಣ್ಣು ತುಂಬಿಬಂತು. ಕೈಮುಗಿದು, "ಮುಂದಿನ ಸಲ ಇವರದ್ದೂ ನಾನೇ ಹಾಕಿಸ್ಕೊಂತೀನಿ, ಸ್ವಾಮಿ" ಅಂದಳು.

ಅವತ್ತು ಜಡ್ಜರೂ ಕೆಮ್ಮಿದರು.