ತಿರುಮಣಿಯ ಚೇಳು, ಮಧುಗಿರಿಯ ಸ್ಟ್ರೆಚರ್

ನರಸಿಂಹಮ್ಮ ದಿನಾ ಕೂರುವ ಗೋಣಿಚೀಲದ ಕೆಳಗೆ ಅವತ್ತು ಒಂದು ಚೇಳು ಮೊದಲೇ ಬಂದು ಮಲಗಿತ್ತು.

ತಿರುಮಣಿಯಲ್ಲಿ ಸೋಲಾರ್ ಫಲಕ ತೊಳೆಯುವ ಗುತ್ತಿಗೆ ಕಂಪನಿಯೊಂದರ ತಗಡಿನ ಶೆಡ್ಡು ಅದು. ಜಾಗ ನರಸಿಂಹಮ್ಮನದು. ಬಾಡಿಗೆಗೆ ಕೊಟ್ಟಿದ್ದು ನೆಲವನ್ನೇ ಹೊರತು ಫ್ಯಾನಿನ ಗಾಳಿಯನ್ನಲ್ಲ ಎಂದುಕೊಂಡು ಆಕೆ ಮಧ್ಯಾಹ್ನವಾದರೆ ಅಲ್ಲಿ ಬಂದು ಕಾಲು ಚಾಚುತ್ತಿದ್ದಳು. ಶೆಡ್ಡಿನ ಗುಮಾಸ್ತ, ಕಾವಲುಗಾರ, ಕಸ ಗುಡಿಸುವವ ಎಲ್ಲವೂ ಕದರಪ್ಪನೇ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹೋದ ವಾರ ಬಂದ ಇಂಟರ್‌ನೆಟ್ ಫೋನು ಮಾತ್ರ ಮೇಜಿನ ಮೇಲೆ ಹಸಿರು ಕಣ್ಣು ಬಿಟ್ಟುಕೊಂಡು ಬೆಕ್ಕಿನ ಹಾಗೆ ಕೂತಿತ್ತು.

ಆ ಫೋನಿಗೆ ಮಡಿ ಜಾಸ್ತಿ. ಕಚೇರಿ ಕೆಲಸಕ್ಕಲ್ಲದೆ ಮುಟ್ಟಿದರೆ ಮನೆಗೆ ಹೋಗಬೇಕು ಎಂದು ಮ್ಯಾನೇಜರ್ ಚಂದ್ರಶೇಖರಯ್ಯ ಮಧುಗಿರಿಯಿಂದ ಹೇಳಿ ಕಳಿಸಿದ್ದರು. ತಗಡಿನ ಶೆಡ್ಡಿನಿಂದ ಮಾತಾಡುವುದು ಗಿರಾಕಿಗಳಿಗೆ ಗೊತ್ತಾಗಬಾರದೆಂದು ಎಲ್ಲ ಶಾಖೆಗಳ ಕರೆಗೂ ಹೆಡ್ ಆಫೀಸಿನ ನಂಬರು, ವಿಳಾಸವೇ ಕಾಣುವಂತೆ ಮಾಡಿಸಿದ್ದರು. ಮಾತು ಶುರುವಾಗಬೇಕಾದದ್ದೂ ‘ನಮಸ್ಕಾರ, ಮಧುಗಿರಿ ಹೆಡ್ ಆಫೀಸ್’ ಎಂದೇ. ಅಭ್ಯಾಸ ಮಾಡಿ ಮಾಡಿ ಕದರಪ್ಪ, ಮನೆಯ ಬಾಗಿಲು ಬಡಿದರೂ ಹಾಗೇ ಅನ್ನುವ ಮಟ್ಟಕ್ಕೆ ಬಂದಿದ್ದ.

ಚೇಳು ಕುಟುಕಿತು.

“ಸತ್ತೆ ಕಣ್ಲಾ ಕದ್ರಪ್ಪ. ನನ್ ಜಾಗದಾಗೆ ನನ್ನೇ ಕಡಿಸ್ಬುಟ್ಟಲ್ಲೋ.”

ಈಕೆಗೇನಾದರೂ ಆದರೆ ಇವಳ ಮಕ್ಕಳು ಶೆಡ್ಡು ಕಿತ್ತು ಹಾಕುತ್ತಾರೆ. ಫೋನು ಮುಟ್ಟಿದರೆ ಮ್ಯಾನೇಜರು ತನ್ನನ್ನು ಕಿತ್ತು ಹಾಕುತ್ತಾರೆ. ಕದರಪ್ಪ ಕಣ್ಣು ಮುಚ್ಚಿ ಆಂಬುಲೆನ್ಸಿಗೆ ಫೋನು ಒತ್ತಿದ. ನಾಲಿಗೆ ತನ್ನ ಪಾಡಿಗೆ ಓಡಿತು.

“ನಮಸ್ಕಾರ, ಮಧುಗಿರಿ ಹೆಡ್ ಆಫೀಸ್. ಬಿರ್ರನೆ ಬನ್ನಿ, ಜೀವ ಹೋಗ್ತೈತೆ.”

ಇಟ್ಟುಬಿಟ್ಟ. ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ. ಮೇಕೆಗೆ ನೀರು ಕೇಳಲು ಬಂದ ಪಕ್ಕದ ಪೆದ್ದಣ್ಣ ಇಣುಕಿ ನೋಡಿದ.

“ಏಮಿರಾ, ನಿನ್ ಗಾಡಿ ಬರೋ ಹೊತ್ಗೆ ಚೇಳಿಗೇ ವಯಸ್ಸಾಗ್ತದೆ” ಎಂದವನೇ ನರಸಿಂಹಮ್ಮನನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ.

ಅವರ ಧೂಳು ಇಳಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಡ್ ಆಫೀಸಿನ ಧನಲಕ್ಷ್ಮಿ.

“ಅಣ್ಣಾ, ಎಂಥಾ ಕೆಲ್ಸ ಮಾಡ್ಬುಟ್ಟೆ. ಸಾಹೇಬ್ರನ್ನ ಎತ್ತಾಕ್ಕೊಂಡು ಹೋದ್ರು.”

ಕರೆ ತಿರುಮಣಿಯಿಂದ ಹೋದದ್ದನ್ನು ಕಂಪ್ಯೂಟರಿನಲ್ಲಿ ನೋಡಿಕೊಂಡು ಅವಳು ಹೇಳಿದ್ದಿಷ್ಟು. ಆಂಬುಲೆನ್ಸಿನವರು ವಿವರ ಕೇಳಲು ಬಂದ ನಂಬರಿಗೇ ತಿರುಗಿ ಮಾಡಿದ್ದಾರೆ. ಅದು ಮಧುಗಿರಿಯಲ್ಲಿ ಬಡಿದಿದೆ. ಇವಳು ಊಟಕ್ಕೆ ಹೋಗಿದ್ದಳು. ಎರಡು ಮುದ್ದೆ ಇಳಿಸಿದ್ದ ಚಂದ್ರಶೇಖರಯ್ಯ, ನೀರು ಸಿಗದೆ ಗಾಳಿ ಎಳೆಯುವ ಬೋರಿನಂತೆ ಗೊರಕೆ ಹೊಡೆಯುತ್ತಿದ್ದರು. ಆರು ಸಲ ಬಡಿದರೂ ಎತ್ತಲಿಲ್ಲ. ರೋಗಿಗೆ ಪ್ರಜ್ಞೆ ತಪ್ಪಿದೆ ಎಂದು ಓಡಿ ಬಂದವರು ಕುರ್ಚಿಯಿಂದಲೇ ಸ್ಟ್ರೆಚರಿಗೆ ಬಿಗಿದಿದ್ದಾರೆ. ಗೇಟಿನ ಹತ್ತಿರ ಎಚ್ಚರಾಗಿ ತಾನು ಮ್ಯಾನೇಜರು ಎಂದು ಕೂಗಿಕೊಂಡರಂತೆ. ಈ ಸ್ಥಿತಿಯಲ್ಲಿ ಹಾಗೆಲ್ಲ ಅನ್ನಿಸುತ್ತೆ ಎಂದು ಆಂಬುಲೆನ್ಸಿನವರು ಸಮಾಧಾನ ಹೇಳಿ ಬಾಗಿಲು ಹಾಕಿಕೊಂಡರಂತೆ.

ಕದರಪ್ಪ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿ ನೆಲಕ್ಕಿಟ್ಟ, ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ನಾಲ್ಕು ಗಂಟೆಗೆ ಪೆದ್ದಣ್ಣ ನರಸಿಂಹಮ್ಮನನ್ನು ಬಾಗಿಲಲ್ಲಿ ಇಳಿಸಿ ಮೇಕೆ ಹುಡುಕಿಕೊಂಡು ಹೋದ. ಆಕೆ ಇಂಜೆಕ್ಷನ್ನಿನ ತೋಳು ನೀವಿಕೊಳ್ಳುತ್ತಾ ಸುದ್ದಿಯೆಲ್ಲ ಕೇಳಿದಳು.

“ಕೆಲ್ಸ ಹೋದ್ರೆ ಹೋಗ್ಲಿ ಬುಡು. ಫ್ಯಾನ್ ಮಾತ್ರ ಆರಿಸ್ಬೇಡ.”

ಮತ್ತೆ ಫೋನು. ಈ ಸಲ ಮ್ಯಾನೇಜರು, ಆಸ್ಪತ್ರೆಯಿಂದ. ದನಿ ಮಾತ್ರ ಬೆಣ್ಣೆ. ಸಕ್ಕರೆ ಐನೂರು ದಾಟಿತ್ತಂತೆ. ಇನ್ನೆರಡು ದಿನ ಬಿಟ್ಟಿದ್ದರೆ ಆ ನಿದ್ದೆಯಿಂದ ಏಳುತ್ತಲೇ ಇರಲಿಲ್ಲ ಎಂದರಂತೆ ಡಾಕ್ಟರು. ಕದರಪ್ಪನಿಗೆ ಹೋದ ಜೀವ ಬಂತು. ಇದೇ ಸಮಯವೆಂದು, ಈ ಫೋನಿಗೆ ತಿರುಮಣಿಯ ವಿಳಾಸ ಹಾಕಿಸಿ ಸ್ವಾಮಿ ಎಂದು ಕೇಳಿಕೊಂಡ.

“ಬೇಡ ಕಣಯ್ಯ, ಹಿಂಗೇ ಇರ್ಲಿ. ಇನ್ಮೇಲೆ ದಿನಾ ಊಟ ಆದ್ಮೇಲೆ ನಂಗೊಂದು ಫೋನ್ ಹಾಕು. ನಾನು ಎತ್ತಲಿಲ್ಲ ಅಂದ್ರೆ ಅಲ್ಲಿಂದ್ಲೇ ಆಂಬುಲೆನ್ಸ್ ಕಳ್ಸು.”

ಕೆಲಸ ಉಳಿಯಿತಲ್ಲ ಎಂದು ಕದರಪ್ಪ ಡಬ್ಬಿ ತೆಗೆಯಲು ಚೀಲದೊಳಗೆ ಕೈ ಹಾಕಿದ. ಅಷ್ಟೆಲ್ಲ ಗಲಾಟೆಯಲ್ಲಿ ಚೇಳನ್ನು ಹುಡುಕಲು ಯಾರಿಗೂ ತೋಚಿರಲಿಲ್ಲ. ಅದು ಚೀಲದಲ್ಲಿತ್ತು.

ಕೈ ಒದರುತ್ತಾ ಆಂಬುಲೆನ್ಸಿಗೆ ಒತ್ತಿದ. ಹಲ್ಲು ಕಚ್ಚಿ ‘ನಮಸ್ಕಾರ’ವನ್ನು ನುಂಗಿಕೊಂಡು, ತಿರುಮಣಿ, ಪಾವಗಡ ತಾಲೂಕು, ತಗಡಿನ ಶೆಡ್ಡು ಎಂದು ಬಿಡಿಸಿ ಬಿಡಿಸಿ ಹೇಳಿದ.

“ಗಾಬರಿ ಆಗ್ಬೇಡಿ ಸಾರ್, ಈ ಸ್ಥಿತೀಲಿ ಊರಿನ ಹೆಸರು ಮರೆತೋಗುತ್ತೆ” ಅಂದಳು ಆ ಕಡೆಯ ಹುಡುಗಿ. “ಬಾಗ್ಲು ತೆಗೀರಿ, ಗಾಡಿ ನಿಮ್ಮ ಹೆಡ್ ಆಫೀಸ್ ಗೇಟಿನ ಹತ್ರಾನೇ ಇದೆ.”